ಹಣ್ಣಿನ ಕೋಣೆಯ ಬಾಗಿಲು ತೆರೆಯುವ ಮುಂಚೆ

ಮಾವಿನ ಕಾಲ ಬಂತೆಂದರೆ ಎಲ್ಲರೂ ಕೇಳುವುದು ಒಂದೇ: 'ಇದು ಕಾರ್ಬೈಡ್ ಹಾಕಿದ ಹಣ್ಣಾ?' ಕಾರ್ಬೈಡ್ ಎಂದರೆ ಕಾಯಿಯನ್ನು ಬೇಗ ಹಣ್ಣು ಮಾಡಲು ಇಡುವ ರಾಸಾಯನಿಕ. ತಿನ್ನುವವರ ಚಿಂತೆ ಸರಿಯೇ. ಆದರೆ ಪುಡಿಯ ಪೊಟ್ಟಣ ಕಟ್ಟಿ ಕ್ರೇಟಿನೊಳಗೆ ಇಡುವವರು, ಬೆಳಗಿನ ಜಾವ ಕೋಣೆ ತೆರೆದು ಮೊದಲ ಉಸಿರು ಎಳೆದುಕೊಳ್ಳುವವರು ಯಾರು? ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಎಲ್ಲೇ ಇರಲಿ, ಕಾಯಿಯನ್ನು ಮುಚ್ಚಿಟ್ಟು ಹಣ್ಣು ಮಾಡುವ ಕೋಣೆಯಲ್ಲಿ ದುಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನಿಟ್ಟಿದ್ದಾರೆ ಎಂದು ಕೇಳಿ. ಸುಮ್ನೆ 'ಪೌಡರ್' ಎಂದರೆ ಸಾಲದು.

ಬೂದು ಬಣ್ಣದ ಕಲ್ಲು ಅಥವಾ ಪುಡಿ, ಬೆಳ್ಳುಳ್ಳಿಯಂಥ ವಾಸನೆ ಇದ್ದರೆ ಅದು ಕಾರ್ಬೈಡ್ ಇರಬಹುದು. ಹಣ್ಣು ಮಾಡಲು ಇದನ್ನು ಬಳಸುವುದು 2011ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ನಿಷೇಧ. ಆ ಕೆಲಸ ಒಪ್ಪಿಕೊಳ್ಳಬೇಡಿ. ತೇವ ತಾಗಿದ ಕೂಡಲೇ ಇದು ಅಸಿಟಲೀನ್ ಅನಿಲ ಬಿಡುತ್ತದೆ, ಸುಣ್ಣವಾಗಿ ಉಳಿಯುತ್ತದೆ. ಸಕಲೇಶಪುರದ ಕಡೆ ಮಳೆ ಹಿಡಿದ ದಿನ ಗಾಳಿಯ ತೇವವೇ ಸಾಕು. ಬೆವರಿದ ಮುಖ, ಮೂಗು, ಗಂಟಲಿನ ಒಳಗೂ ಅದೇ ಆಗುತ್ತದೆ. ಉರಿ, ಕೆಮ್ಮು ಶುರುವಾಗುವುದು ಹೀಗೆ. ಕಾರ್ಬೈಡಿನಲ್ಲಿ ರಂಜಕ, ಆರ್ಸೆನಿಕ್‌ನ ಅಂಶವೂ ಸೇರಿರುತ್ತದೆ. ಆ ರಂಜಕದಿಂದ ಹುಟ್ಟುವ ಫಾಸ್ಫೀನ್ ಅನಿಲ ಶ್ವಾಸಕೋಶಕ್ಕೆ ನೇರ ವಿಷ.

ಹಣ್ಣು ಮಾಡಲು ಕಾನೂನು ಒಪ್ಪಿರುವುದು ಎಥಿಲೀನ್ ಅನಿಲವನ್ನು, ಅದೂ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ. ಆ ಮಟ್ಟದಲ್ಲಿ ಎಥಿಲೀನ್ ವಿಷವಲ್ಲ. ಗಾಳಿಯಲ್ಲಿ ಶೇ 2.7 ದಾಟಿದರೆ ಮಾತ್ರ ಒಂದು ಕಿಡಿಗೆ ಸ್ಫೋಟಿಸುತ್ತದೆ. ಹಾಗಾಗಿ ಕೋಣೆಯ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.

ಎರಡನೆಯದು ಬಾಗಿಲು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಣ್ಣೂ ಉಸಿರಾಡುತ್ತದೆ ಅಲ್ವಾ? ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕ ಎಳೆದು ಇಂಗಾಲದ ಡೈಆಕ್ಸೈಡ್ ಬಿಡುತ್ತಾ ಹೋಗುತ್ತದೆ. ತೆರೆದ ತಕ್ಷಣ ಒಳನುಗ್ಗಿದರೆ ತಲೆಸುತ್ತು, ಏದುಸಿರು ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಬಾಗಿಲು ಪೂರ್ತಿ ತೆಗೆದು, ಗಾಳಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿಯಿರಿ. ಅರ್ಧ ಗಂಟೆ ಗಾಳಿ ಆಡಲಿ. ಆಮೇಲೆ ಒಳಗೆ ಹೋಗಿ, ಆಗಲೂ ಹೊರಗೆ ಒಬ್ಬರು ಇರಲಿ. 'ಅಷ್ಟು ಹೊತ್ತು ಯಾರು ಕಾಯ್ತಾರೆ' ಎನ್ನುವ ಮಾಲೀಕರಿಗೆ ಒಂದು ಮಾತು: ಇಂಗಾಲದ ಡೈಆಕ್ಸೈಡ್ ಶೇ 1 ದಾಟಿದರೆ ಹಣ್ಣಾಗುವುದೇ ನಿಧಾನ. ಗಾಳಿ ಆಡಿಸಿದರೆ ನಿಮ್ಮ ಸರಕಿಗೂ ಒಳ್ಳೆಯದು.

ಬಾಳೆಗೊನೆಗೆ ಹೊಗೆ ಹಾಕುವ ಹಳೇ ಕೋಣೆಗೂ ಇದೇ ನಿಯಮ. ಅಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಮುಖಕ್ಕೆ ಟವಲ್ ಸುತ್ತಿಕೊಂಡರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಟವಲ್ ಅನಿಲ ತಡೆಯುವುದಿಲ್ಲ. ಎನ್95 ಮಾಸ್ಕ್ ಪುಡಿಯನ್ನು ತಡೆಯುತ್ತದೆ, ಅನಿಲವನ್ನಲ್ಲ. ಎಥೆಫಾನ್ ಎಂಬ ರಾಸಾಯನಿಕದ ದ್ರಾವಣಕ್ಕೆ ಕಾಸ್ಟಿಕ್ ಸೋಡಾ ಬೆರೆಸಿ ಎಥಿಲೀನ್ ಅನಿಲ ತೆಗೆಯುವವರು ಕೈಗವಸು, ಕನ್ನಡಕ ಹಾಕಿಕೊಳ್ಳಿ, ಪಾತ್ರೆಯ ಮೇಲೆ ಬಗ್ಗಬೇಡಿ.

ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಓಡಿ ಹೋಗಬೇಡಿ. ಕಷ್ಟದ ಮಾತು, ಗೊತ್ತು. ಬಿದ್ದವರು ಅಣ್ಣನೋ ತಮ್ಮನೋ ಆಗಿರಬಹುದು. ಆದರೂ ಕೆಟ್ಟ ಗಾಳಿ ನಿಮ್ಮನ್ನೂ ಅಲ್ಲೇ ಕೆಡವುತ್ತದೆ. ಬಾಗಿಲುಗಳನ್ನೆಲ್ಲ ತೆರೆದು, ಕೂಗಿ ಜನ ಸೇರಿಸಿ, 108ಕ್ಕೆ ಫೋನ್ ಮಾಡಿ.

ಫಾಸ್ಫೀನ್ ಉಸಿರಾಡಿದವರಿಗೆ ಮೊದಲು ಬರೀ ಕೆಮ್ಮು ಇದ್ದು, ಶ್ವಾಸಕೋಶದಲ್ಲಿ ನೀರು ತುಂಬುವುದು ಒಂದೆರಡು ದಿನ ತಡವಾಗಿಯೂ ಆಗಬಹುದು. ಎದೆ ಬಿಗಿದರೆ, ದಮ್ಮು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. 'ಹಣ್ಣಿನ ಕೋಣೆಯಲ್ಲಿ ಕೆಲಸ' ಎಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಬೀಡಿ ಕೆಮ್ಮೆಂದು ಸಿರಪ್ಪು ಬರೆದುಕೊಟ್ಟು ಕಳಿಸಿಬಿಡಬಹುದು. ಪೊಟ್ಟಣದ ಫೋಟೊ ಮೊಬೈಲಿನಲ್ಲಿದ್ದರೆ ಅದನ್ನೂ ತೋರಿಸಿ.