ಹೊಲದ ಮೂಲೆ

ಪ್ರತಿ ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಇಬ್ಬರು ಮಕ್ಕಳ ಕೈಗೂ ಹತ್ತು ಹತ್ತು ರೂಪಾಯಿ ಇಡುತ್ತಿದ್ದೆ. ಕಾಣಿಕೆ ಚೀಲ ಬಂದಾಗ ಹಾಕುತ್ತಿದ್ದರು. ಕೊಡುವ ಗುಣ ಹೀಗೇ ಬರುತ್ತದೆ ಅಂತ ನಂಬಿದ್ದೆ. 2023ರ ಬೇಸಿಗೆಯಲ್ಲಿ ಒಂದು ಭಾನುವಾರ ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಮಗನಿಗೆ ಆಗ 6 ವರ್ಷ. "ನಿನ್ನ ಹುಂಡಿಯಿಂದ ಹತ್ತು ರೂಪಾಯಿ ತಗೊಂಡು ಬಾ" ಅಂದೆ. ಅವನು ನನ್ನ ಮುಖ ನೋಡಿದ. "ಅದು ನಂದು. ಕಾಣಿಕೆ ನಿಂದು ಅಲ್ವಾ ಅಮ್ಮ?" ಅಂದ.

ಅವತ್ತು ಚರ್ಚಿನಲ್ಲಿ ಪ್ರಸಂಗ ನನ್ನ ಕಿವಿಗೆ ಬೀಳಲಿಲ್ಲ. ಮಗ ಹೇಳಿದ್ದು ಸರಿಯಾಗಿತ್ತು. ನನ್ನ ದುಡ್ಡನ್ನು ನನ್ನ ಕೈಯಿಂದ ಚೀಲಕ್ಕೆ ಮುಟ್ಟಿಸುವ ಕೆಲಸವನ್ನಷ್ಟೇ ಅವರಿಗೆ ಕೊಟ್ಟಿದ್ದೆ.

ನಮ್ಮದು ಸಿಂಧನೂರು. ಮನೆಯವರು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಚಾಪೆ ಹಾಸಿ ಎಲ್ಲರೂ ಕೂತು ಬೈಬಲ್ ಓದುವುದು ಮದುವೆಯಾದಾಗಿನಿಂದ ಇದೆ. ಒಂದು ಹಾಡು, ಒಂದು ಭಾಗ ವಾಕ್ಯ, ಸ್ವಲ್ಪ ಮಾತು, ಪ್ರಾರ್ಥನೆ. ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿ ಎಳೆದರೆ ಮಕ್ಕಳ ಕಣ್ಣು ರೊಟ್ಟಿ ಬುಟ್ಟಿಯ ಕಡೆ ಹೋಗುತ್ತದೆ.

ಆ ವಾರವೇ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ತೆಗೆದೆವು. ತನ್ನ ಹತ್ತಿರ ಇದ್ದ ಎರಡೇ ಕಾಸನ್ನೂ ದೇವಾಲಯದ ಪೆಟ್ಟಿಗೆಗೆ ಹಾಕಿದ ಬಡ ವಿಧವೆಯ ಕಥೆ. ಎರಡು ಕಾಸು ಅಂದರೆ ಎಷ್ಟು ಅಂತ ಮಗಳು ಕೇಳಿದಳು. ಆ ಕಾಲದಲ್ಲಿ ಒಂದು ದಿನದ ಕೂಲಿ ಒಂದು ದಿನಾರ್. ಆ ಎರಡು ಕಾಸು ಸೇರಿದರೆ ಅದರ 64ರಲ್ಲಿ ಒಂದು ಪಾಲು. ಮನೆಯವರು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರು. ಹೊಲದ ಕೂಲಿ ದಿನಕ್ಕೆ 400 ರೂಪಾಯಿ ಅಂದುಕೊಂಡರೆ ಆಕೆ ಹಾಕಿದ್ದು ಸುಮಾರು 6 ರೂಪಾಯಿ. ಮಕ್ಕಳು ಸುಮ್ಮನಾದರು. ಆರು ರೂಪಾಯಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಕಥೆ ಹಿಡಿಸಿದ್ದು ಆ ಲೆಕ್ಕದಿಂದ.

ಒಂದು ತಪ್ಪು ಮಾಡಿದೆ. ಅದೇ ಅಧ್ಯಾಯದಲ್ಲಿ, ಈ ಕಥೆಗೆ ಸ್ವಲ್ಪ ಮೇಲೆ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮಾತಿದೆ. ಅದನ್ನು ಬಿಟ್ಟು ಓದಿದೆ. ಮಕ್ಕಳಿಗೆ ಅದು ಯಾಕೆ ಅಂದುಕೊಂಡೆ. ಆ ಮಾತು ನಿಜಕ್ಕೂ ಬೇಕಾಗಿದ್ದದ್ದು ನನಗೆ. ಯಾಕೆಂದರೆ ಎರಡು ವಾರದ ನಂತರ ಸಂಬಂಧಿಕರು ಬಂದಾಗ ಅವರ ಮಗು ಮಗಳ ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದುಕೊಂಡು ಬಿಡಲಿಲ್ಲ. "ಕೊಟ್ಟುಬಿಡು, ಮೊನ್ನೆ ತಾನೇ ಓದಿದ್ದೀವಲ್ಲ" ಅಂತ ಎಲ್ಲರ ಮುಂದೆ ಹೇಳಿದೆ. ಕೊಟ್ಟಳು. ರಾತ್ರಿ ಅತ್ತಳು. ಮುಂದಿನ ವಾರ ನನ್ನ ಹೊಲಿಗೆ ಬಟ್ಟೆಯ ಚೀಲದ ತಳದಲ್ಲಿ ಅವಳ ಬಳೆ, ಸ್ಟಿಕ್ಕರ್, ಹೊಸ ರಬ್ಬರು ಸಿಕ್ಕವು. ನಮ್ಮಿಂದ ಬಚ್ಚಿಟ್ಟಿದ್ದಳು.

ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ 9ನೇ ಅಧ್ಯಾಯದ 7ನೇ ವಾಕ್ಯ ನನಗೆ ಬಾಯಿಪಾಠ. ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾನೆ ಅನ್ನುವ ಭಾಗವನ್ನು ಎಷ್ಟು ಸಲ ಹೇಳಿದ್ದೆನೋ. ಬಲವಂತದಿಂದ ಬೇಡ ಅನ್ನುವುದೂ ಅದೇ ವಾಕ್ಯದಲ್ಲಿದೆ. ಅವತ್ತು ರಾತ್ರಿ ಚಾಪೆಯ ಮೇಲೆ ಕೂತು ಅದನ್ನು ಓದಿ, ಎಲ್ಲರ ಮುಂದೆಯೇ ಮಗಳಲ್ಲಿ ಕ್ಷಮೆ ಕೇಳಿದೆ. ಹೊಸ ಪೆನ್ಸಿಲ್ ಡಬ್ಬಿ ತರಿಸಿದೆವು. ಅದಾದ ಮೇಲೆ ಒಂದು ತಿಂಗಳು ಕೊಡುವ ವಿಷಯವನ್ನೇ ಎತ್ತಲಿಲ್ಲ.

ಮತ್ತೆ ಶುರುವಾಗಿದ್ದು ರೂತಳ ಪುಸ್ತಕದಿಂದ. ಅತ್ತೆ ಆಗ ಮಾನ್ವಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆ ಇದ್ದರು. ರೂತಳು ಅತ್ತೆಯ ಜೊತೆ ಪರದೇಶದಿಂದ ಬಂದ ಬಡ ವಿಧವೆ. ನಮ್ಮ ಕನ್ನಡ ಬೈಬಲಿನಲ್ಲಿ ಅವಳು ಬೋವಜ ಅನ್ನುವ ಜಮೀನುದಾರನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಹಕ್ಕಲು ಅಂದರೇನು ಅಂತ ಮಗ ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು, "ನಾನೂ ಹಕ್ಕಲು ಆಯ್ದಾಕಿನ ಅದೀನಿ ಯಪ್ಪಾ."

ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ. ಸಣ್ಣವರಿದ್ದಾಗ ಶೇಂಗಾ ಕಿತ್ತ ಹೊಲದಲ್ಲಿ ತಾಯಿಯ ಜೊತೆ ಮಣ್ಣು ಕೆದಕಿ ಉಳಿದ ಕಾಯಿ ಆಯುತ್ತಿದ್ದರಂತೆ. "ಕೆಲವರು ಬೈದು ಓಡಿಸೋರು. ಒಬ್ಬ ಗೌಡ ಇದ್ದ. ನಾವು ಹೊಲಕ್ಕ ಇಳಿದ್ರ ಆ ಕಡಿ ಮುಖ ಮಾಡಿ ಬೀಡಿ ಸೇದಕೋತ ಕುಂದ್ರತಿದ್ದ. ನಮ್ಮ ಉಡಿ ತುಂಬೋತನಕ ಈ ಕಡಿ ತಿರುಗತಿರಲಿಲ್ಲ" ಅಂದರು. ಅವರ ಹೆಸರು ಅತ್ತೆಗೆ ನೆನಪಿಲ್ಲ. ಬೆನ್ನು ನೆನಪಿದೆ.

ಆ ಪುಸ್ತಕ ನಾಲ್ಕೇ ಅಧ್ಯಾಯ. ನಾವು ಮೂರು ವಾರ ಓದಿದೆವು. ಯಾಜಕಕಾಂಡದ 19ನೇ ಅಧ್ಯಾಯಕ್ಕೂ ಹೋಗಿ ಬಂದೆವು. ಬೆಳೆ ಕೊಯ್ಯುವಾಗ ಹೊಲದ ಮೂಲೆವರೆಗೂ ಕೊಯ್ಯಬೇಡಿ, ಬಿದ್ದದ್ದನ್ನು ಆಯಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಅನ್ನುವ ಕಟ್ಟಳೆ ಇರುವುದು ಅಲ್ಲಿ. ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕಟ್ಟುಗಳಿಂದ ತೆನೆ ಬೇಕಂತಲೇ ಎಳೆದು ಬೀಳಿಸಿ ಅಂತ ಆಳುಗಳಿಗೆ ಹೇಳಿದ. ರೂತಳು ಸಂಜೆಯವರೆಗೆ ಆಯ್ದು ಬಡಿದಾಗ ಒಂದು ಎಫಾ ಜವೆಗೋದಿ ಆಯಿತು. ಅಂದರೆ ಸುಮಾರು 22 ಲೀಟರ್, ಒಂದು ದೊಡ್ಡ ಬಕೆಟ್ಟು. ಮಗ ಬಚ್ಚಲಿನ ಬಕೆಟ್ ತಂದು ಚಾಪೆಯ ಮಧ್ಯೆ ಇಟ್ಟ. ಬೋವಜ ಕೊಟ್ಟ ಹುರಿಗಾಳನ್ನು ತಿಂದು, ಉಳಿದದ್ದನ್ನು ಅವಳು ಅತ್ತೆ ನೊವೊಮಿಗೆ ತಂದುಕೊಟ್ಟಳು ಅಂತ ಓದಿದಾಗ ಇಬ್ಬರಿಗೂ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ನೆನಪಾಯಿತು.

ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ಈಗ ಭತ್ತ ಕೊಯ್ಯೋದು ಮಷಿನ್ನು. ಮೂಲೆ ಯಾರು ಬಿಡ್ತಾರೆ? ನಮಗೆ ಹೊಲಾನೇ ಇಲ್ಲ, ನಾವು ಎಲ್ಲಿ ಬಿಡೋದು?" ಉತ್ತರ ನಾನು ಕೊಡಲಿಲ್ಲ. ಒಂದು ವಾರ ಯೋಚನೆ ಮಾಡಿ ಅಂದೆ. ಶನಿವಾರ ಅವರಿಬ್ಬರೇ ಹಾರ್ಲಿಕ್ಸಿನ ಖಾಲಿ ಡಬ್ಬಿ ತೊಳೆದು ದೇವರ ವಾಕ್ಯದ ಕ್ಯಾಲೆಂಡರಿನ ಕೆಳಗೆ ಇಟ್ಟರು. ಅದಕ್ಕೆ ಮೂಲೆ ಡಬ್ಬಿ ಅಂತ ಹೆಸರು. ಕೈಗೆ ಬಂದ ದುಡ್ಡಿನಲ್ಲಿ ಒಂದು ಮೂಲೆ ಅದಕ್ಕೆ. ನಮ್ಮಿಬ್ಬರಿಗೂ ಅದೇ ನಿಯಮ. ನಾನು ಹತ್ತು ಬ್ಲೌಸ್ ಹೊಲಿದರೆ ಒಂದರ ಕೂಲಿ ಹಾಕುತ್ತೇನೆ. ದೊಡ್ಡವರು ಹಾಕುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಅದಿಲ್ಲದಿದ್ದರೆ ಎಷ್ಟು ವಾಕ್ಯ ಓದಿದರೂ ದಂಡ ಅನ್ನುವುದು ನನ್ನ ಅನುಭವ. ಭಾನುವಾರದ ಕಾಣಿಕೆಯನ್ನೂ ಈಗ ಅವರವರ ದುಡ್ಡಿನಿಂದಲೇ ತರುತ್ತಾರೆ. ಎಷ್ಟು ಅಂತ ಕೇಳುವುದಿಲ್ಲ. ಕೆಲವು ವಾರ ಒಂದೇ ರೂಪಾಯಿ.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳಿಗೆ ಬರ ಅಂತ ಘೋಷಣೆಯಾಯಿತು. ಕಾಲುವೆಯಲ್ಲಿ ನೀರು ಕಡಿಮೆ, ಮಿಲ್ಲಿಗೆ ಭತ್ತ ಕಡಿಮೆ, ನಮಗೂ ಕೈ ಬಿಗಿ. ಮಗಳ ಕ್ಲಾಸಿನ ಒಬ್ಬ ಹುಡುಗಿಯ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರು. ಅವಳು ಅಜ್ಜಿಯ ಹತ್ತಿರ ಉಳಿದಳು. ನೋಟ್‌ಬುಕ್ ಇಲ್ಲದೆ ಹಳೆಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದಳಂತೆ. ಡಬ್ಬಿಯ ದುಡ್ಡಿನಲ್ಲಿ ನಾಲ್ಕು ನೋಟ್‌ಬುಕ್ ತಂದೆವು. ನೀನೇ ಕೈಯಲ್ಲಿ ಕೊಡು, ಅವಳಿಗೆ ಖುಷಿಯಾಗುತ್ತೆ ಅಂದೆ. ಮಗಳು ಒಪ್ಪಲಿಲ್ಲ. "ಬೋವಜ ಆಳುಗಳಿಗೆ ಹೇಳಿದ, ರೂತಳಿಗೆ ಹೇಳಲಿಲ್ಲ. ಅಜ್ಜಿಯ ಗೌಡ್ರು ಆ ಕಡೆ ತಿರುಗಿ ಕೂತ್ರು" ಅಂದಳು. ಟೀಚರಿಗೆ ಕೊಟ್ಟು ಬಂದಳು. ಟೀಚರು ಅವಳಿಗೆ ಕೊಟ್ಟರು. ಯಾರು ತಂದಿದ್ದು ಅಂತ ಆ ಹುಡುಗಿಗೆ ಇವತ್ತಿಗೂ ಗೊತ್ತಿಲ್ಲ.

ಡಿಸೆಂಬರಿನಲ್ಲಿ ಅದೇ ಹುಡುಗಿ ಸುಮ್ನೆ ಗೆಳತಿಯ ಮನೆ ಅಂತ ಬಂದಳು. ಕೈಯಲ್ಲಿ ಕವರ್ ತುಂಬ ಬಾರೆಹಣ್ಣು. "ಅಯ್ಯೋ, ನೀವೇ ಇಟ್ಕೊಳ್ಳಿ" ಅನ್ನಬೇಕು ಅನ್ನುವಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿದರು. ತಾವೇ ಸೆರಗು ಒಡ್ಡಿ ಹಣ್ಣು ಹಾಕಿಸಿಕೊಂಡರು. "ನಾ ಶೇಂಗಾ ಆಯ್ದು ತಂದ ದಿನ ಓಣಿಗೆಲ್ಲ ಒಂದೊಂದು ಹಿಡಿ ಹಂಚತಿದ್ದೆ. ಯಾರೂ ಬ್ಯಾಡ ಅಂದಿಲ್ಲ" ಅಂತ ಆಮೇಲೆ ಹೇಳಿದರು. ಬಡವರ ಮನೆಯ ಹಣ್ಣನ್ನು ಬೇಡ ಅನ್ನುವುದು ದಯೆ ಅಂತ ನಾನು ಅಲ್ಲಿಯವರೆಗೂ ಅಂದುಕೊಂಡಿದ್ದೆ. ತೆಗೆದುಕೊಳ್ಳುವುದನ್ನೂ ಮಕ್ಕಳಿಗೆ ಕಲಿಸಬೇಕು ಅಂತ ಹೊಳೆದದ್ದು ಅವತ್ತೇ.

ಮಗನದು ಬೇರೆ ದಾರಿ. ಅವನು ಡಬ್ಬಿಗೆ ಹಾಕುತ್ತಾನೆ, ಕೆಲವು ಸಲ ವಾಪಸ್ ತೆಗೆಯುತ್ತಾನೆ. ಡಬ್ಬಿಗೆ ಬೀಗ ಹಾಕೋಣ ಅಂತ ಮನೆಯವರು ಒಮ್ಮೆ ಅಂದರು. ಬೇಡ ಅಂದೆ. ಬೀಗ ಬಿದ್ದರೆ ಅದು ಮತ್ತೆ ನನ್ನ ಡಬ್ಬಿಯಾಗುತ್ತದೆ. ಹೋದ ವಾರ ಕ್ರಿಕೆಟ್ ಬಾಲಿಗೆ ಕಡಿಮೆ ಬಿತ್ತು ಅಂತ ಐದು ರೂಪಾಯಿ ತೆಗೆದುಕೊಂಡ. ನಾನು ಹೊಲಿಯುತ್ತಾ ಇದ್ದೆ, ನೋಡಿದರೂ ಏನೂ ಕೇಳಲಿಲ್ಲ. ನಿನ್ನೆ ರಾತ್ರಿ ಪ್ರಾರ್ಥನೆ ಮುಗಿದು ಎಲ್ಲರೂ ತಟ್ಟೆ ಹಾಕುವಾಗ ಡಬ್ಬಿಯಲ್ಲಿ ನಾಣ್ಯ ಬಿದ್ದ ಸದ್ದು ಕೇಳಿಸಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತಾ ಕೂತಿದ್ದರು. ನಾನೂ ತಿರುಗಲಿಲ್ಲ.