ನಾರ್ಸ್ಪಿಯನ್ನು ನಾಲ್ಕು–ಮೂರರ ನಡೆಗೆ ತಂದ ಬಗೆ

ಭಾಮಿನಿ ಷಟ್ಪದಿಯ ಮೂರು–ನಾಲ್ಕರ ನಡೆಯನ್ನು ನಾಲ್ಕು–ಮೂರಕ್ಕೆ ತಿರುಗಿಸಿದರೆ ಕಿವಿಗೆ ಹತ್ತುವುದಿಲ್ಲ ಎಂದಿದ್ದ ಗೆಳೆಯರೇ ಈಗ ನನ್ನ ‘ನಾರ್ಸ್ಪಿ’ ಅನುವಾದದ ಹಸ್ತಪ್ರತಿಯನ್ನು ಕೇಳಿ ಪಡೆಯುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ಚುವಾಶರು ರಷ್ಯಾದ ವೋಲ್ಗಾ ತೀರದ ಒಂದು ಜನಾಂಗ, ಅವರ ಭಾಷೆಯೂ ಚುವಾಶ್. ಆ ಭಾಷೆಯ ಕವಿ ಕೊನ್‌ಸ್ತಾಂತಿನ್ ಇವಾನೊವ್ ‘ನಾರ್ಸ್ಪಿ’ ಕಾವ್ಯವನ್ನು ಸಿಂಬಿರ್ಸ್ಕ್‌ನಲ್ಲಿ ಅಚ್ಚು ಮಾಡಿಸಿದ್ದು 1908ರಲ್ಲಿ, ಹದಿನೆಂಟರ ಆಸುಪಾಸಿನಲ್ಲಿ. ಪದ್ಯನಾಟಕಕ್ಕೂ ಕೈಹಾಕಿದ್ದ; 1915ರಲ್ಲಿ ಕ್ಷಯಕ್ಕೆ ತುತ್ತಾದ. ಚುವಾಶರ ರಾಜಧಾನಿ ಚೆಬೊಕ್ಸಾರಿಯ ಚುವಾಶ್ ರಂಗಮಂದಿರಕ್ಕೆ ಇಂದು ಅವನದೇ ಹೆಸರು. ಬಡವ ಸೆತ್ನೇರನಿಗೆ ಒಲಿದ ನಾರ್ಸ್ಪಿಯನ್ನು ಅಪ್ಪ ಸಿರಿವಂತ ತಾಖ್ತಮಾನನಿಗೆ ಕಟ್ಟುತ್ತಾನೆ, ಅವಳು ಗಂಡನಿಗೆ ವಿಷವಿಕ್ಕುತ್ತಾಳೆ. ರಷ್ಯನ್ ಅನುವಾದದಿಂದ ಕನ್ನಡ ಗದ್ಯಕ್ಕೆ ಇಳಿಸಿದಾಗ ಉಳಿದದ್ದು ಇಷ್ಟೇ. ಓದಿದವರು ಹಳೆಯ ಸಿನಿಮಾ ಕಥೆ ಎಂದರು.

ಆಮೇಲೆ ಪ್ರಾಸಸಹಿತ ಭಾಮಿನಿ ಷಟ್ಪದಿ. ಒಂದು ಬೇಸಿಗೆ ಅದಕ್ಕೇ ಹೋಯಿತು. ಪ್ರಾಸ ಕೂಡಿಸಲು ತುರುಕಿದ ‘ತಾನು’, ‘ಆಗ’, ‘ನೋಡು’ಗಳನ್ನು ಕಿತ್ತರೆ ಪದ್ಯದಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ.

ಚೆಬೊಕ್ಸಾರಿಯಲ್ಲಿ ವೈದ್ಯಕೀಯ ಓದುವ ನಮ್ಮ ಹುಡುಗರಿದ್ದಾರೆ. ಹಾಗೆ ಪರಿಚಯವಾದ ಒಬ್ಬನ ಮೂಲಕ ಚುವಾಶ್ ಮನೆಮಾತಿನ ಅಜ್ಜಿಯೊಬ್ಬರಿಂದ ಇಡೀ ಕಾವ್ಯವನ್ನು ಓದಿಸಿ ಧ್ವನಿಮುದ್ರಿಸಿಕೊಂಡೆ. ಎಂಟೊಂಬತ್ತು ಸಾವಿರ ರೂಪಾಯಿ ಕೈಬಿಟ್ಟಿತು. ಅರ್ಥವಾಗದ ಭಾಷೆಗೆ ದುಡ್ಡು ಸುರಿಯುತ್ತೀರಾ ಎಂದು ಮನೆಯಲ್ಲಿ ರಂಪವಾಯಿತು. ಆದರೆ ಕೀಲಿ ಸಿಕ್ಕಿದ್ದು ಅಲ್ಲೇ. ಸಾಲಿಗೆ ಏಳು ಅಕ್ಷರ, ನಾಲ್ಕರ ನಂತರ ಅಜ್ಜಿಯ ಉಸಿರು ಸಣ್ಣಗೆ ನಿಲ್ಲುತ್ತಿತ್ತು. ಏಳಕ್ಷರದಲ್ಲಿ ನಮ್ಮ ವಿಭಕ್ತಿ ಪ್ರತ್ಯಯಗಳು ಹಿಡಿಸುವುದಿಲ್ಲ. ಹಾಗಾಗಿ ಸಾಲಿಗೆ ಹದಿನಾಲ್ಕು ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವ ಅಳತೆ) ಇಟ್ಟುಕೊಂಡೆ. ಭಾಮಿನಿಯ ಮೂರು–ನಾಲ್ಕನ್ನು ನಾಲ್ಕು–ಮೂರು ಮಾಡಿದೆ, ಪ್ರಾಸ ಬಿಟ್ಟೆ:

ಮಾರ್ಚಿನ ಕೊನೆಗೆ ಬೆಚ್ಚನೆ ಸೂರ್ಯ
ಸಿಲ್ಪಿಯ ಊರ ಹಿಮವದು ಮಾಯ

ಮೃದಂಗದವರಿಗೆ ಕೇಳಿಸಿದೆ. "ವಿಲೋಮ ಛಾಪು ಅಲ್ಲವೇ ಸ್ವಾಮಿ, ಇದಕ್ಕೆ ಇಷ್ಟು ಒದ್ದಾಟವೇ?" ಎಂದು ನುಡಿಸಿಯೇ ಬಿಟ್ಟರು. ಮೂರು–ನಾಲ್ಕರ ಮಿಶ್ರ ಛಾಪು ತಾಳವನ್ನು ತಿರುಗಿಸಿದರೆ ವಿಲೋಮ ಛಾಪು. ಅವರಿಗೆ ಸುಲಭ. ಕನ್ನಡದಲ್ಲಿ ಈ ನಡೆಯನ್ನು ಇಷ್ಟು ದೂರ ಎಳೆದವರು ಹೆಚ್ಚಿಲ್ಲ ಎಂದೇ ನನ್ನ ನಂಬಿಕೆ. ಸಾವಿರಾರು ಸಾಲು ಏಕತಾನವಾಗದಂತೆ ಎಲ್ಲಿ ಒಂದು ಮಾತ್ರೆ ನುಂಗುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೇಳಿ ಹಿಡಿದುಕೊಳ್ಳಬಹುದು.

ಹುಮ್ಮಸ್ಸಿನಲ್ಲಿ ಇನ್ನೊಬ್ಬ ಚುವಾಶ್ ಲೇಖಕ ಫ್ಯೋದರ್ ಪಾವ್ಲೊವ್‌ನ ಕೋರ್ಟು ಪ್ರಹಸನವನ್ನೂ (1919) ಇದೇ ಲಯಕ್ಕೆ ಹಾಕಿ ನೋಡಿದೆ. ಪಾವ್ಲೊವ್ ಸಂಗೀತ ಸಂಯೋಜಕನೂ ಹೌದು, ಹೊಂದಬಹುದು ಎಂಬ ಲೆಕ್ಕ. ಪಾತ್ರಗಳು ಜಗಳವಾಡುವ ಬದಲು ಜೋಗುಳ ಹಾಡಿದಂತಾಯಿತು. ಹಾಸ್ಯಕ್ಕೆ ಗದ್ಯವೇ ಸರಿ. ಅದು ಬೇರೆ ಕಡತದಲ್ಲಿದೆ.

ಐನೂರು ಪ್ರತಿಗೆ ನಲವತ್ತೈದು ಸಾವಿರದಷ್ಟು ಬೀಳುತ್ತದೆ, ಅರ್ಧ ನೀವೇ ಹಾಕಿ ಎಂದರು ಪ್ರಕಾಶಕರೊಬ್ಬರು. ನಮಸ್ಕಾರ ಹೇಳಿ ಬಂದೆ. ಈಗ ಮನೆಮನೆಯಲ್ಲಿ ವಾಚನ ನಡೆಯುತ್ತಿದೆ. ಮದುವೆಯ ಭಾಗಕ್ಕೆ ಬೇಡಿಕೆ ಹೆಚ್ಚು. ಕರೆಯುವವರು ಮೃದಂಗದವರಿಗೆ ಎರಡು ಸಾವಿರ ಸಂಭಾವನೆ ಕೊಡಬೇಕು, ನನಗೆ ಊಟ ಹಾಕಿದರೆ ಸಾಕು.