ತೋಳ ತೋರಿಸುವ ಗೈಡ್ ಆಗಬೇಕೆ? ಮೊದಲು ಕುರಿಗಾಹಿಯನ್ನು ಕೇಳಿ

ಹಂಪಿ, ಆನೆಗೊಂದಿ ನೋಡಲು ಬಂದವರು ‘ಇಲ್ಲಿ ತೋಳ ಕಾಣ್ತಾವಂತೆ, ಹೌದಾ?’ ಎಂದು ಕೇಳುವುದುಂಟು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇದೆ. ಸುತ್ತಲಿನ ಊರುಗಳ ಹುಡುಗರಿಗೆ ಇದರಿಂದ ನಾಲ್ಕು ಕಾಸು ಸಿಗಬೇಕು, ಸಿಗಲಿ. ಆದರೆ ಕೆಲಸ ಶುರು ಮಾಡುವ ಮೊದಲು ಒಂದು ಲೆಕ್ಕ ಹಾಕಿ.

ಧಾಮ ಇರುವುದು ಸುಮಾರು 332 ಎಕರೆ. ಒಂದೂವರೆ ಚದರ ಕಿಲೋಮೀಟರ್ ಕೂಡ ಆಗುವುದಿಲ್ಲ. ತೋಳವೋ ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಅಲೆಯುವ ಪ್ರಾಣಿ. ಹೊಲದ ಬದು, ಕಲ್ಲುಗುಡ್ಡ, ಕುರಿ ಮೇಯುವ ಬಯಲು ಎಲ್ಲವೂ ಅದರ ದಾರಿಯೇ. ಧಾಮ ಅದು ಹಗಲು ಮಲಗುವ, ಮರಿ ಹಾಕುವ ಮನೆ. ಹಾಗಾಗಿ ಮನೆಯೊಳಗೆ ಹೋಗಿ ತೋರಿಸುವುದು ಬೇಡ. ಅದು ಓಡಾಡುವ ದಾರಿಯಲ್ಲಿ, ದೂರದಿಂದ ತೋರಿಸಿ.

ಆ ದಾರಿ ಕುರಿಗಾಹಿಗಳಿಗೆ ಗೊತ್ತು. ದಿನವೂ ಅದೇ ಬಯಲಲ್ಲಿ ಇರುವವರು ಅವರು. ನಿಮ್ಮ ಮೊದಲ ಕೆಲಸ ಅವರ ಜೊತೆ ಎರಡು ತಿಂಗಳು ಸುಮ್ನೆ ಓಡಾಡುವುದು. ಯಾವ ಹೊತ್ತಿಗೆ, ಯಾವ ಕಡೆಯಿಂದ ತೋಳ ದಾಟುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅವರನ್ನೇ ಗೈಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಜೊತೆಗೆ ಅರಣ್ಯ ಇಲಾಖೆಗೆ ಹೋಗಿ ಮಾತಾಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಸಾಲಿನಲ್ಲಿ, ತೋಳ ಇದೆ. ಧಾಮದೊಳಗೆ ಕಾಲಿಡಲು, ಫೋಟೊ ತೆಗೆಯಲು ಅನುಮತಿ ಬೇಕೇಬೇಕು.

ಇನ್ನು ಮರಿಗಳ ಕಾಲ. ಇದನ್ನು ಗಮನವಿಟ್ಟು ಓದಿ.

ನಮ್ಮ ಕಡೆ ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ. ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ, ಆಮೇಲೆ ನಿಧಾನವಾಗಿ ಬಿಲದ ಬಾಯಿಗೆ ಬರುತ್ತದೆ. ಗುಂಪಿನ ದೊಡ್ಡ ತೋಳಗಳು ತಿಂದು ಬಂದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಜನ ಹತ್ತಿರ ಬಂದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಹೊಸ ಜಾಗ ಹೇಗಿರುತ್ತದೋ, ಅಲ್ಲಿ ನಾಯಿಗಳಿರುತ್ತವೋ ಏನೋ.

ಒಮ್ಮೆ ನಾನಿದ್ದ ಗುಂಪು ಕ್ಯಾಮೆರಾ ಹಿಡಿದು ಬಿಲದ ಹತ್ತಿರವೇ ಕೂತಿತ್ತು. ತಾಯಿ ತೋಳ ಬಾಯಲ್ಲಿ ಮೊಲ ಹಿಡಿದು ದೂರದಲ್ಲಿ ನಿಂತಿತ್ತು. ಒಂದು ಹೆಜ್ಜೆಯೂ ಮುಂದೆ ಇಡಲಿಲ್ಲ. ನಾವು ಫೋಟೊ ಚೆನ್ನಾಗಿ ಬಂತು ಅಂತ ಖುಷಿಪಟ್ಟೆವು. ಮರಿಗಳು ಹಸಿದು ಕೂತಿದ್ದವು ಎನ್ನುವುದು ತಲೆಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಇವತ್ತಿಗೂ ಬೇಜಾರಾಗುತ್ತದೆ.

ಹಾಗಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಲವಿರುವ ಕಡೆ ಯಾರನ್ನೂ ಕರೆದೊಯ್ಯಬೇಡಿ. ಜಾಸ್ತಿ ದುಡ್ಡು ಕೊಡುತ್ತೇವೆ ಅಂದರೂ ಬೇಡ. ಪ್ರವಾಸಿಗರು ಬರುವ ಕಾಲವೂ ಅದೇ, ನಿಜ. ಆ ತಿಂಗಳುಗಳಲ್ಲಿ ತುಂಗಭದ್ರೆಯ ದಡಕ್ಕೆ ಕರೆದುಕೊಂಡು ಹೋಗಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿಯೂ ದಡದಲ್ಲಿ ಅಲುಗಾಡದೆ ಕೂತು ನೋಡಬೇಕು, ಅಷ್ಟೆ.

ನೋಡುವ ದಿನ ಒಂದೇ ಗಾಡಿ, ಐದಾರು ಜನ ಸಾಕು. ಊರದಾರಿ ಬಿಟ್ಟು ಗಾಡಿ ಇಳಿಸಬೇಡಿ. ಒಳ್ಳೆಯ ದುರ್ಬೀನು ಕೊಳ್ಳಿ, ಮೊದಲ ಗಳಿಕೆ ಅದಕ್ಕೇ ಹೋಗಲಿ. ಎಷ್ಟು ದೂರ ಇರಬೇಕು ಎನ್ನುವುದನ್ನು ತೋಳವೇ ಹೇಳುತ್ತದೆ. ಮಾಡುತ್ತಿದ್ದ ಕೆಲಸ ಬಿಟ್ಟು ನಿಮ್ಮನ್ನೇ ನೋಡತೊಡಗಿದರೆ ನೀವು ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ. ಎದ್ದು ಓಡಿದರೆ ಆ ದಿನದ ನೋಟ ಮುಗಿಯಿತು, ಬೆನ್ನು ಹತ್ತಬಾರದು. ಡ್ರೋನ್ ಬೇಡ, ಕೂಗುವುದು ಬೇಡ, ಫೋಟೊದ ಜೊತೆ ಲೊಕೇಶನ್ ಹಾಕುವುದಂತೂ ಬೇಡವೇ ಬೇಡ.

ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿ ಕರೆಯುತ್ತಾರಲ್ಲ, ಇಲ್ಲೂ ಮಾಂಸ ಇಟ್ಟರೆ ಹೇಗೆ ಎಂದು ಕೆಲವರು ಕೇಳಬಹುದು. ದಯವಿಟ್ಟು ಇಡಬೇಡಿ. ಮಾಂಸದ ವಾಸನೆಗೆ ಮೊದಲು ಬರುವುದು ಊರನಾಯಿ. ಅದರಿಂದ ತೋಳಕ್ಕೆ ಹುಚ್ಚುರೋಗ (ರೇಬೀಸ್), ಡಿಸ್ಟೆಂಪರ್ ಎಂಬ ನಾಯಿಗಳ ಸೋಂಕುರೋಗ ಅಂಟಬಹುದು. ನಾಯಿ, ತೋಳ ಕೂಡಿ ಬೆರಕೆ ಮರಿಗಳೂ ಹುಟ್ಟುತ್ತವೆ.

ಕೊನೆಯದು ದುಡ್ಡಿನ ಮಾತು. ಟಿಕೆಟ್ ದುಡ್ಡಿನಲ್ಲಿ ಒಂದು ಪಾಲನ್ನು ಕುರಿ ಕಳೆದುಕೊಂಡವರಿಗೆ ಅಂತ ಬೇರೆ ಇಡಿ. ತೋಳ ಕುರಿ ಹಿಡಿದರೆ ಫೋಟೊ ತೆಗೆದು ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸಲು ಆ ಕುರಿಗಾಹಿಗೆ ನೀವೇ ನೆರವಾಗಿ. ಸರ್ಕಾರದ ಪರಿಹಾರ ಕೈಗೆ ಬರುವಷ್ಟರಲ್ಲಿ ತಡವಾದರೆ ನಿಮ್ಮ ಪಾಲನ್ನು ಮೊದಲೇ ಕೊಡಿ, ಅದೇ ವಾರದಲ್ಲಿ, ಅವರ ಹಟ್ಟಿಗೇ ಹೋಗಿ.